ಎರಡು ವಾಟ್ ಗುಡುಗು

"ಲೋ, ಸಂಡಿಗೆ ಒಳಗೆ ತೊಗೊಂಡು ಬಾರೋ, ಮಳೆ ಬರತ್ತೆ!"

ಅಮ್ಮ ಹೀಗೆ ಕೂಗಿದಾಗ ಹೊರಗೆ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಹುಡುಕಿದರೂ ಒಂದು ಮೋಡ ಇಲ್ಲ. ಅಮ್ಮ ಆಕಾಶ ನೋಡಿಯೂ ಇರಲಿಲ್ಲ. ನಡುಮನೆಯ ದಿವಾನದ ಮೇಲೆ ಕಾಲು ಚಾಚಿಕೊಂಡು, ಮೂಲೆಯಲ್ಲಿದ್ದ ನನ್ನ ಕಂಪ್ಯೂಟರಿನಿಂದ ಬರುತ್ತಿದ್ದ ಕಚೇರಿ ಕೇಳುತ್ತಿದ್ದಳು. ಆಗಷ್ಟೇ ತನಿ ಆವರ್ತನ ಶುರುವಾಗಿತ್ತು. ಮೃದಂಗದ ಜೊತೆಗೆ ಮಾನಿಟರಿನ ಹೊಟ್ಟೆಯೊಳಗಿಂದ ಚರ್, ಪಟ್, ಗರ್ರ್ ಎಂದು ಕರೆಯದೇ ಬಂದ ಇನ್ನೊಂದು ಪಕ್ಕವಾದ್ಯವೂ ಸೇರಿಕೊಂಡಿತ್ತು.

ಅಮ್ಮನ ಶಾಸ್ತ್ರ ತಪ್ಪಲ್ಲ, ಯಂತ್ರ ಬೇರೆ ಅಷ್ಟೆ. ಅವಳು ಸೊಸೆಯಾಗಿ ಬಂದ ಮನೆಯಲ್ಲಿ ಇದ್ದದ್ದು ವಾಲ್ವ್ ರೇಡಿಯೊ. ಮೀಡಿಯಂ ವೇವ್ ಇಟ್ಟುಕೊಂಡು ಕೂತರೆ ಎಲ್ಲೋ ದೂರದಲ್ಲಿ ಮಿಂಚಿದ್ದೂ ಅದರಲ್ಲಿ ಚರ್ ಎಂದು ಕೇಳುತ್ತಿತ್ತು. ಮಿಂಚು ಎಂದರೆ ಒಂದು ಬಗೆಯ ರೇಡಿಯೊ ಪ್ರಸಾರವೇ ತಾನೆ, ಲೈಸೆನ್ಸ್ ಇಲ್ಲದ್ದು. ಗುಡುಗು ಕಿವಿಗೆ ಬೀಳುವ ಎಷ್ಟೋ ಮೊದಲೇ ರೇಡಿಯೊಗೆ ಸುದ್ದಿ ಮುಟ್ಟಿರುತ್ತಿತ್ತು, ರೇಡಿಯೊದಿಂದ ಅಮ್ಮನಿಗೆ, ಅಮ್ಮನಿಂದ ತಾರಸಿಗೆ. ಆ ಕಾಲದಲ್ಲಿ ನಮ್ಮ ಮನೆಯ ಸಂಡಿಗೆ ಒಮ್ಮೆಯೂ ನೆನೆದಿಲ್ಲ ಎಂದು ಅವಳು ಇವತ್ತಿಗೂ ಹೇಳಿಕೊಳ್ಳುತ್ತಾಳೆ.

ಮಾನಿಟರಿಗೂ ಮಿಂಚಿಗೂ ಸಂಬಂಧವಿಲ್ಲ ಎಂದು 84 ವರ್ಷದ ಅನುಭವದ ಮುಂದೆ ವಾದಿಸುವವರು ಯಾರು? ನಾನೂ ನನ್ನವಳೂ ಎರಡು ಪಂಚೆ ತುಂಬ ಹರವಿದ್ದ ಅರಳು ಸಂಡಿಗೆಯನ್ನು, ಕಾಗೆಗೆಂದು ಬಿಚ್ಚಿಟ್ಟ ಕಪ್ಪು ಕೊಡೆಯನ್ನು, ಮೂಲೆಗಿಟ್ಟ ಕಲ್ಲುಗಳನ್ನು ಕೆಳಗಿಳಿಸಿದೆವು. ಮಳೆ ಬರಲಿಲ್ಲ. ಮತ್ತೆ ಹತ್ತಿಸಿದೆವು. ಮಾರನೆಯ ದಿನ ಇನ್ನೊಂದು ಕಚೇರಿ, ಇನ್ನೊಂದು ತನಿ, ಮತ್ತೆ ಇಳಿಸಿದೆವು. ಮೂರನೆಯ ದಿನ ನನ್ನವಳು ಮೆಟ್ಟಿಲ ಮೇಲೇ ಕೂತಳು.

"ರೀ, ಒಂದೋ ಆ ಸದ್ದು ನಿಲ್ಸಿ, ಇಲ್ಲಾ ಸಂಡಿಗೆ ನೀವೇ ಒಣಗಿಸಿ."

ಹೀಗೆ ಕೆಲಸ ನನ್ನ ಪಾಲಿಗೆ ಬಂತು. ನನಗೆ ಅರ್ಹತೆ ಇಲ್ಲವೆಂದಲ್ಲ. ನಮ್ಮ ಬ್ಯಾಂಕಿನ ಶಾಖೆಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಬೆಳಿಗ್ಗೆ ತೆಗೆದು ಸಂಜೆ ಹಾಕುವ ಅಧಿಕಾರ ಇದ್ದವನು ನಾನೊಬ್ಬನೇ. ಅಂದಿನಿಂದ ಬಂಧುಬಳಗದಲ್ಲಿ ನಾನು ಕಂಪ್ಯೂಟರ್ ತಿಳಿದವನು. ಸಾಲದ್ದಕ್ಕೆ ನಮ್ಮದು ಮೈಸೂರು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಪ್ರಸಾರ ಶುರುಮಾಡಿದ, ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಿದ್ದ ಊರು. ಅವರೇನು ಎಂಜಿನಿಯರ್ ಆಗಿರಲಿಲ್ಲ, ಮನಶ್ಶಾಸ್ತ್ರದ ಮೇಷ್ಟ್ರು. ಮನಶ್ಶಾಸ್ತ್ರದವರು ರೇಡಿಯೊ ಸ್ಟೇಷನ್ನನ್ನೇ ಕಟ್ಟಿದ ಮೇಲೆ ಬ್ಯಾಂಕಿನವನು ಒಂದು ಸ್ಪೀಕರ್ ಸರಿಮಾಡಬಾರದೆ?

ಮಾನಿಟರ್ ಬಂದದ್ದು ಬೆಂಗಳೂರಿನ ಮಗನಿಂದ. ಹಿಂದೆಲ್ಲ ಅಪ್ಪನ ಅಂಗಿ ಮಗನಿಗೆ ಇಳಿಯುತ್ತಿತ್ತು. ಈಗ ಮಗನ ಮಾನಿಟರ್ ಅಪ್ಪನಿಗೆ ಏರುತ್ತದೆ. ಅದರಲ್ಲಿ ಸ್ಪೀಕರೂ ಇದೆ ಎಂದಾಗ ನನಗೆ ಒಂದಕ್ಕೆ ಒಂದು ಉಚಿತ ಸಿಕ್ಕಷ್ಟು ಖುಷಿಯಾಗಿತ್ತು.

ಕೆಲಸಕ್ಕೆ ಇಳಿಯುವ ಮೊದಲೇ ನನ್ನವಳು ಅಡುಗೆಮನೆಯಿಂದ ಒಂದು ಮಾತು ಹೇಳಿದಳು. "ಸುದ್ದಿ ಓದೋವಾಗ ಬರಲ್ಲ ರೀ ಆ ಸದ್ದು. ತಂಬೂರಿಗೂ ಬರಲ್ಲ. ಮೃದಂಗದ ಎಡಗೈ ಬಿದ್ದಾಗ ಮಾತ್ರ ಬರತ್ತೆ."

"ಇದು ಟೆಕ್ನಿಕಲ್ ವಿಷಯ ಕಣೇ" ಎಂದೆ.

ಮೊದಲು ಅಪ್ಪನ ವಿಧಾನ. ಅಪ್ಪ ರೇಡಿಯೊದ ನೆತ್ತಿಗೆ ಒಂದು ಬಿಗಿದರೆ ಅದು ಸುಮ್ಮನಾಗುತ್ತಿತ್ತು. ಅದರಲ್ಲಿ ಪವಾಡವಿಲ್ಲ. ವಾಲ್ವಿನ ಕಾಲುಗಳು ಗೂಡಿನಲ್ಲಿ ಸಡಿಲವಾದಾಗ ಗರಗರ ಬರುತ್ತದೆ, ಗುದ್ದಿದರೆ ಮತ್ತೆ ಕೂತುಕೊಳ್ಳುತ್ತವೆ. ಮಾನಿಟರಿನಲ್ಲಿ ವಾಲ್ವೂ ಇಲ್ಲ, ಗೂಡೂ ಇಲ್ಲ. ನಾನು ಗುದ್ದಿದಾಗ ಪರದೆಯ ಮೇಲೆ ಕೊಳಕ್ಕೆ ಕಲ್ಲೆಸೆದಂತೆ ಒಂದು ಬಣ್ಣದ ಅಲೆ ಎದ್ದಿತು. ಸದ್ದು ಹಾಗೇ ಇತ್ತು. ನನ್ನವಳು ಬಾಗಿಲಲ್ಲಿ ನಿಂತಿದ್ದಳು, ಏನೂ ಹೇಳಲಿಲ್ಲ. ಮೂವತ್ತೆರಡು ವರ್ಷದ ದಾಂಪತ್ಯದಲ್ಲಿ ಅವಳು ಏನೂ ಹೇಳದಿರುವುದಕ್ಕೂ ಒಂದು ವಾಲ್ಯೂಮ್ ಇದೆ.

ಆಮೇಲೆ ಎಲೆಕ್ಟ್ರಿಷಿಯನ್. ಅವನು ಬಂದವನೇ ಪ್ಲಗ್ಗಿಗೆ ಟೆಸ್ಟರ್ ಇಟ್ಟು, "ಅರ್ತಿಂಗ್ ವೀಕ್ ಇದೆ ಸಾರ್, ಗುಂಡಿಗೆ ನೀರು ಹಾಕಿ" ಎಂದು ಮುನ್ನೂರು ರೂಪಾಯಿ ತೆಗೆದುಕೊಂಡು ಹೋದ. ನಾನು ದಿನಾ ಬೆಳಿಗ್ಗೆ ಕಾಂಪೌಂಡಿನ ಮೂಲೆಯ ಗುಂಡಿಗೆ ಒಂದು ಕೊಡ ನೀರು, ಒಂದು ಹಿಡಿ ಕಲ್ಲುಪ್ಪು ಸುರಿಯತೊಡಗಿದೆ. ಅಮ್ಮ ಕಿಟಕಿಯಿಂದ ನೋಡಿ ನನಗೆ ಕೊನೆಗೂ ದೇವರಲ್ಲಿ ಭಕ್ತಿ ಬಂತೆಂದು ಸಂತೋಷಪಟ್ಟಳು. ಅರ್ತಿಂಗ್ ಕೆಟ್ಟರೆ ಬರುವ ಸದ್ದೇ ಬೇರೆ ಎಂದು ಮಗ ಆಮೇಲೆ ಹೇಳಿದ. ಅದು ನಮ್ಮ ಕರೆಂಟಿನ 50 ಹರ್ಟ್ಸ್ ಹಿಡಿದು ಗುಂಯ್ ಎಂದು ಒಂದೇ ಸಮ ಕೊರೆಯುತ್ತದಂತೆ, ಹೀಗೆ ಚಟಪಟ ಅನ್ನುವುದಿಲ್ಲವಂತೆ. ಆದರೂ ನೀರು ಹಾಕುವುದನ್ನು ನಾನು ಬಿಡಲಿಲ್ಲ. ಶುರುಮಾಡಿದ ವ್ರತ.

ಕೇಬಲ್ಲಿಗೆ ನಾನು ಕೊಟ್ಟ ಸಮಯ ಯಾವ ಸಾಲದ ಅರ್ಜಿಗೂ ಕೊಟ್ಟಿರಲಿಲ್ಲ. ಎಚ್‌ಡಿಎಂಐ ಎಂದು ಅದರ ಹೆಸರು, 2002ರಲ್ಲಿ ಬಂದದ್ದು, ಮೂತಿಯಲ್ಲಿ 19 ಪಿನ್ನು. ಚಿತ್ರ, ಶಬ್ದ ಎರಡೂ ಅದೊಂದರಲ್ಲೇ ಹೋಗುತ್ತವೆ. ಹೇಗೆ ಹೋಗುತ್ತವೆ ಎಂದು ತಿಳಿದಾಗ ನನಗೆ ಸದ್ದಿನ ಚಿಂತೆಯೇ ಮರೆತುಹೋಯಿತು. ಹಳೆಯ ಡಬ್ಬಾ ಟೀವಿಯಲ್ಲಿ ಎಲೆಕ್ಟ್ರಾನ್ ಕಿರಣ ಪರದೆಯ ಮೇಲೆ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು, ಮುಂದಿನ ಗೆರೆಗೆ ಮತ್ತೆ ಎಡಕ್ಕೆ ಓಡಬೇಕಿತ್ತು. ಆ ಓಟಕ್ಕೆಂದು ಸಾಲುಗಳ ನಡುವೆ ಚೂರು ಬಿಡುವು ಇಟ್ಟಿದ್ದರು. ಕಿರಣ ಹೋಯಿತು, ಡಬ್ಬಾ ಹೋಯಿತು, ಬಿಡುವು ಮಾತ್ರ ಹಾಗೇ ಉಳಿಯಿತು. ಎಚ್‌ಡಿಎಂಐನಲ್ಲಿ ಶಬ್ದ ನುಸುಳುವುದು ಆ ಸಂದಿಯಲ್ಲೇ. ನಾನು ಮಾತಾಡುವಾಗ ಉಸಿರಿಗೆ ನಿಲ್ಲಿಸಿದ ಕಡೆಯಲ್ಲೆಲ್ಲ ನನ್ನವಳು ಒಂದೊಂದು "ಹೂಂ" ಸೇರಿಸುತ್ತಾಳಲ್ಲ, ಹಾಗೆ. ಈ ಹೋಲಿಕೆಯನ್ನು ಅವಳಿಗೆ ವಿವರಿಸಿದೆ. "ಹೂಂ" ಎಂದಳು.

ಕೇಬಲ್ಲಿನದ್ದೇ ತಪ್ಪೆಂದು ತೀರ್ಮಾನಿಸಿ ಸಯ್ಯಾಜಿರಾವ್ ರಸ್ತೆಯ ಕಡೆ ಹೋಗಿ ಹೊಸದು ಕೇಳಿದೆ. ಅಂಗಡಿಯ ಹುಡುಗ ನನ್ನ ಅಂಗಿಯನ್ನೂ ಚಪ್ಪಲಿಯನ್ನೂ ನೋಡಿ, "ಗೋಲ್ಡ್ ಪ್ಲೇಟೆಡ್ ಕೊಡ್ಲಾ ಸಾರ್?" ಎಂದ. ಚಿನ್ನದ ಸಾಲ ಕೊಟ್ಟು ಕೊಟ್ಟು ನಿವೃತ್ತನಾದ ನನಗೆ ಆ ಶಬ್ದ ಕಿವಿಗೆ ಬಿದ್ದ ಮೇಲೆ ಬೇರೆ ಏನೂ ಕೇಳಿಸಲಿಲ್ಲ. ಸಾವಿರದ ಇನ್ನೂರು ರೂಪಾಯಿ. ಮನೆಗೆ ಬಂದು ಹಾಕಿದರೆ ಗರಗರ ಅಷ್ಟೇ ಗಟ್ಟಿಯಾಗಿ, ಈಗ ಚಿನ್ನದ ದಾರಿಯಲ್ಲಿ ಬಂತು. ಮಗನಿಗೆ ಫೋನ್ ಮಾಡಿದೆ.

"ಅಪ್ಪ, ಅದು ಡಿಜಿಟಲ್. ಒಂದು ಸೊನ್ನೆ ತಲುಪಿದ್ರೆ ತಲುಪ್ತು, ಇಲ್ಲಾಂದ್ರೆ ಇಲ್ಲ. ಚಿನ್ನ ಹಾಕಿದ್ರೆ ಸೊನ್ನೆ ಇನ್ನೂ ದುಂಡಗಾಗಲ್ಲ. ಕೇಬಲ್ ಕೆಟ್ಟಿದ್ರೆ ಚಿತ್ರದಲ್ಲೂ ಚುಕ್ಕಿ ಚುಕ್ಕಿ ಮಿನುಗ್ಬೇಕಿತ್ತು. ಮಿನುಗತ್ತಾ?"

"ಇಲ್ಲ."

"ಮತ್ತೆ?"

ಮಗ ಮುಂದೆ ಹೇಳಿಕೊಟ್ಟದ್ದು ಸ್ಯಾಂಪಲ್ ರೇಟ್ ಬದಲಿಸುವುದು. ಸೆಟ್ಟಿಂಗಿನೊಳಗೆ ಸೆಟ್ಟಿಂಗು, ಅದರೊಳಗೆ ಇನ್ನೊಂದು. ಕೊನೆಗೆ ಒಂದು ಪಟ್ಟಿಯಲ್ಲಿ 44,100 ಮತ್ತು 48,000 ಎಂಬ ಸಂಖ್ಯೆಗಳು. ಸೆಕೆಂಡಿಗೆ ಅಷ್ಟು ಸಲ ಶಬ್ದದ ಎತ್ತರ ಅಳೆದು ಬರೆದಿಟ್ಟಿರುತ್ತಾರಂತೆ. ಸೀಡಿಗೆ 44,100, ವಿಡಿಯೊಗೆ 48,000. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಪರಿವರ್ತಿಸುವಾಗ ಕೆಲವು ಯಂತ್ರಗಳು ಎಡವುತ್ತವಂತೆ. ಅದಿರಲಿ, 44,100 ಎಂಬ ಈ ಅಡ್ಡಾದಿಡ್ಡಿ ಸಂಖ್ಯೆ ಎಲ್ಲಿಂದ ಬಂತು? ಬ್ಯಾಂಕಿನವನಿಗೆ ಇಂಥದ್ದು ಬಿಡಲಾಗುವುದಿಲ್ಲ. ಸೀಡಿ ಬರುವ ಮುಂಚೆ ಡಿಜಿಟಲ್ ಶಬ್ದವನ್ನು ವಿಡಿಯೊ ಕ್ಯಾಸೆಟ್ಟಿನ ಮೇಲೆ ಬರೆದಿಡುತ್ತಿದ್ದರು. ಚಿತ್ರದ ಒಂದೊಂದು ಗೆರೆಯ ಜಾಗದಲ್ಲಿ ಮೂರು ಅಳತೆ. ಅಮೆರಿಕದ ಪದ್ಧತಿಯಲ್ಲಿ 245 ಗೆರೆ, ಸೆಕೆಂಡಿಗೆ 60 ಸಲ. ಯುರೋಪಿನ ಪದ್ಧತಿಯಲ್ಲಿ 294 ಗೆರೆ, 50 ಸಲ. ಕ್ಯಾಲ್ಕುಲೇಟರ್ ತಂದು ಎರಡನ್ನೂ ಗುಣಿಸಿದೆ. ಎರಡೂ 44,100! ವರ್ಷಾಂತ್ಯದ ಲೆಕ್ಕ ಒಂದು ಪೈಸೆ ಹೆಚ್ಚುಕಡಿಮೆಯಿಲ್ಲದೆ ಟ್ಯಾಲಿ ಆದ ರಾತ್ರಿಯ ಆ ಸುಖ ನಿವೃತ್ತಿಯಾದ ಮೇಲೆ ಮೊದಲ ಸಲ ಸಿಕ್ಕಿತು. ಎದ್ದು ಹೋಗಿ ನಾನೇ ಕಾಫಿ ಮಾಡಿಕೊಂಡೆ. ಸದ್ದು? ಅದು ಇತ್ತು.

ಇಷ್ಟೊತ್ತಿಗೆ ನಾನು ಪರೀಕ್ಷೆಯನ್ನು ವೈಜ್ಞಾನಿಕವಾಗಿ ಮಾಡಬೇಕೆಂದು ನಿಶ್ಚಯಿಸಿದ್ದೆ. ಪ್ರತಿ ಬದಲಾವಣೆಗೂ ಒಂದೇ ಸಂಗೀತ. ಅದಕ್ಕೆಂದು ನಾನು ಆರಿಸಿದ್ದು, ಗ್ರಾಮಫೋನ್ ಪ್ಲೇಟಿನಿಂದ ಯಾರೋ ಪುಣ್ಯಾತ್ಮರು ಇಳಿಸಿಟ್ಟಿದ್ದ ಮೂರು ನಿಮಿಷದ ಒಂದು ಪಿಟೀಲು. ಎರಡು ದಿನ ಅದನ್ನು ಎಷ್ಟು ಸಲ ಹಾಕಿದೆನೋ ಲೆಕ್ಕವಿಲ್ಲ. ಡ್ರೈವರ್ ತೆಗೆದೆ, ಹಾಕಿದೆ. ಪರದೆಯ 75 ಹರ್ಟ್ಸನ್ನು 60ಕ್ಕೆ ಇಳಿಸಿದೆ. ಮಾನಿಟರಿನ ಹಿಂದೆ ಧೂಳು ಹೊಡೆದೆ. ಏನು ಮಾಡಿದರೂ ಪಿಟೀಲಿನ ಹಿಂದೆ ಚರಚರ, ಪಟ್.

ಎರಡನೆಯ ಸಂಜೆ ನನ್ನವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಬಂದು ಐದು ನಿಮಿಷ ಕೇಳಿದಳು. "ರೀ, ಇದು ಪ್ಲೇಟಿನ ಸದ್ದಲ್ವಾ? ನಮ್ಮ ತಾತನ ಮನೇಲೂ ಹೀಗೇ ಇತ್ತು."

ನಾನು ಮೊಬೈಲಿನಲ್ಲಿ ಅದೇ ಪಿಟೀಲು ಹಾಕಿ ಕಿವಿಗೆ ಹಿಡಿದೆ. ಚರಚರ, ಪಟ್. 78 ಸುತ್ತಿನ ಆ ಪ್ಲೇಟುಗಳು ಅರಗಿನವು, ದುರ್ಯೋಧನ ಮನೆ ಕಟ್ಟಿಸಿದನಲ್ಲ, ಅದೇ ಅರಗು. ಅದಕ್ಕೆ ನುಣ್ಣನೆಯ ಕಲ್ಲುಪುಡಿ ಬೆರೆಸುತ್ತಿದ್ದರು. ಉಕ್ಕಿನ ಸೂಜಿ ಆ ಪುಡಿಗೆ ಉಜ್ಜಿ ಉಜ್ಜಿ ಗೆರೆಯ ಆಕಾರಕ್ಕೆ ಸವೆಯಲಿ ಎಂದು. ಅಂದರೆ ಪ್ಲೇಟಿನಲ್ಲಿ ಚರಚರ ಎನ್ನುವುದು ಸಾಣೆ ಹಿಡಿದ ಸದ್ದು. ನಾನು ಎರಡು ದಿನದಿಂದ ರಿಪೇರಿ ಮಾಡಲು ಹೊರಟಿದ್ದದ್ದು ನಾನು ಹುಟ್ಟುವ ಮೊದಲು ಸವೆದ ಒಂದು ಸೂಜಿಯನ್ನು.

ಅಂದು ರಾತ್ರಿ ಮಗ ಬೇಸತ್ತು ಕೇಳಿದ: "ಅಪ್ಪ, ಎನ್‌ಹ್ಯಾನ್ಸ್‌ಮೆಂಟ್ಸ್ ಅಂತ ಒಂದು ಟ್ಯಾಬ್ ಇದೆ ನೋಡಿ. ಅದರಲ್ಲಿ ಏನಾದ್ರೂ ಟಿಕ್ ಆಗಿದ್ಯಾ?"

ಬಾಸ್ ಬೂಸ್ಟ್ ಎಂಬಲ್ಲಿ ಟಿಕ್ ಆಗಿತ್ತು.

"ಯಾರೋ ಹಾಕಿದ್ದಾರೆ" ಎಂದೆ.

ಮನೆಯಲ್ಲಿ ಇರುವುದು ಮೂವರು. ಅಮ್ಮ ಕೀಬೋರ್ಡ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದು ನಂಬಿರುವವಳು. ನನ್ನವಳಿಗೆ ಪಾಸ್‌ವರ್ಡನ್ನೇ ನಾನು ಹೇಳಿಲ್ಲ. ಶಿವರಾತ್ರಿಯ ಜಾಗರಣೆಯ ದಿನ ರುದ್ರ ಹಾಕಿದ್ದಾಗ, ಸ್ವಲ್ಪ ಗುಡುಗಿದ ಹಾಗೆ ಕೇಳಲಿ ಎಂದು ಯಾರೋ ಸೆಟ್ಟಿಂಗಿಗೆ ಹೋಗಿದ್ದು, ಮಾನಿಟರಿನ ವಾಲ್ಯೂಮನ್ನೂ ಗುಂಡಿ ಒತ್ತಿ ಒತ್ತಿ 100ಕ್ಕೆ ಮುಟ್ಟಿಸಿದ್ದು ನಿಧಾನವಾಗಿ ನೆನಪಿಗೆ ಬಂತು.

ಮಗನ ವಿವರಣೆ ಉದ್ದವಿತ್ತು, ಬ್ಯಾಂಕಿನ ಭಾಷೆಗೆ ಇಳಿಸಿದರೆ ಇಷ್ಟು. 16 ಬಿಟ್ಟಿನ ಶಬ್ದದಲ್ಲಿ ಅಲೆಯ ಅತಿ ಹೆಚ್ಚಿನ ಎತ್ತರ 32,767. ಅದು ಓವರ್‌ಡ್ರಾಫ್ಟ್ ಮಿತಿ. ಮೃದಂಗದ ಎಡಗೈ ಮೊದಲೇ ಮಿತಿಯ ಹತ್ತಿರ ಇರುತ್ತದೆ, ಅದಕ್ಕೆ ನಾನು ಬೂಸ್ಟ್ ಹಾಕಿ 50,000ಕ್ಕೆ ಚೆಕ್ ಬರೆದೆ. ನಾವಾದರೆ ಚೆಕ್ ವಾಪಸ್ ಕಳಿಸುತ್ತೇವೆ. ಕಂಪ್ಯೂಟರ್ ಹಾಗಲ್ಲ, ಮಿತಿ ಇದ್ದಷ್ಟು ಕೊಟ್ಟು ಉಳಿದದ್ದನ್ನು ಕತ್ತರಿಸುತ್ತದೆ. ದುಂಡಗಿನ ಅಲೆಯ ನೆತ್ತಿ ಬೋಳಿಸಿದಂತಾಗುತ್ತದೆ, ಆ ಚೂಪು ಅಂಚೇ ಚಟ್ ಎನ್ನುವುದು. ಇಷ್ಟು ಸಾಲದೆಂಬಂತೆ, ಅದನ್ನು ಹೊರಡಿಸಬೇಕಾದ ಸ್ಪೀಕರ್ ಒಂದೊಂದೂ ಎರಡು ವಾಟಿನದ್ದು, ಕೋಡುಬಳೆಯಷ್ಟಗಲ, ಅದೂ ಗೋಡೆಗೆ ಮುಖ ಮಾಡಿ ಕೂತದ್ದು. ತಗ್ಗಿನ ಸ್ವರಕ್ಕೆ ಬಹಳ ಗಾಳಿ ತಳ್ಳಬೇಕು. ಕೋಡುಬಳೆ ಎಷ್ಟೆಂದು ತಳ್ಳೀತು?

"ಎಡಗೈ ಬಿದ್ದಾಗ ಮಾತ್ರ ಅಂತ ಮೊದಲ ದಿನಾನೇ ಹೇಳಿದ್ದೆ" ಎಂದು ಅಡುಗೆಮನೆಯಿಂದ ಧ್ವನಿ ಬಂತು. ಒಂದಿಷ್ಟೂ ಗರಗರ ಇಲ್ಲದ ಧ್ವನಿ.

ಟಿಕ್ ತೆಗೆದೆ, ಮಾನಿಟರಿನ ವಾಲ್ಯೂಮನ್ನು 60ಕ್ಕೆ ಇಳಿಸಿದೆ. ಮಾರನೆಯ ಮಧ್ಯಾಹ್ನ ಕಚೇರಿ ಸ್ಫಟಿಕದಂತೆ ಬಂತು. ತನಿಯಲ್ಲಿ ಒಂದು ಚೂರು ಸದ್ದಿಲ್ಲ. ಅಮ್ಮ ಸ್ವಲ್ಪ ಹೊತ್ತು ಕೇಳಿ, "ಮೃದಂಗದವರಿಗೆ ಮೈ ಸರಿಯಿಲ್ವೇನೋ, ಪಾಪ" ಎಂದು ಕಣ್ಣು ಮುಚ್ಚಿದಳು. ನನ್ನವಳು ಪಕ್ಕದ ಕೋಣೆಯಲ್ಲಿ ಮಲಗಿದಳು. ತಾರಸಿಯಲ್ಲಿ ಆ ವರ್ಷದ ಕೊನೆಯ ಎರಡು ಸೇರು ಅಕ್ಕಿಯ ಸಂಡಿಗೆ. ಗೆದ್ದ ಸಮಾಧಾನಕ್ಕೆ ನನಗೂ ಜೊಂಪು ಹತ್ತಿತು.

ಎಚ್ಚರವಾದದ್ದು ಸೂರಿನ ಕೊಳವೆಯಿಂದ ಧೋ ಎಂದು ನೀರು ಬೀಳುವ ಸದ್ದಿಗೆ. ಮೂವರೂ ಒಟ್ಟಿಗೆ ಎದ್ದೆವು, ಮೇಲೆ ಹೋದದ್ದು ಇಬ್ಬರು. ಸಂಡಿಗೆ ಮತ್ತೆ ಹಿಟ್ಟಾಗಿತ್ತು. ಕಪ್ಪು ಕೊಡೆ ಮಾತ್ರ ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ, ತಲೆಕೆಳಗಾಗಿ, ತುಂಬಿಕೊಂಡು ಕೂತಿತ್ತು.

ಕೆಳಗಿನಿಂದ ಅಮ್ಮ ಕೂಗಿದಳು. "ಯಾಕೋ ರಿಪೇರಿ ಮಾಡೋಕೆ ಹೋದೆ? ಹೇಳ್ತಾ ಇತ್ತಲ್ಲೋ, ಅದರ ಪಾಡಿಗೆ ಅದು!"

ನನ್ನವಳು ಪಂಚೆಯ ಒಂದು ತುದಿಯನ್ನು ನನ್ನ ಕೈಗಿಟ್ಟಳು.

"ಹಿಂಡಿ. ಇದು ಟೆಕ್ನಿಕಲ್ ಅಲ್ಲ."