ನೂರು ದಾಟಿದ ಹದಿನೇಳು

ಮೊಮ್ಮಗಳು ‘ಟ್ವೈಲೈಟ್’ ಕಾದಂಬರಿಯನ್ನು ದಿವಾನದ ಮೇಲೆ ಎಸೆದಳು. ಸ್ಟೆಫನಿ ಮೇಯರ್ ಬರೆದದ್ದು, 2005ರದ್ದು. ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಿದರು.

“ಏನಂತೆ ಕಥೆ?”

“ಹುಡುಗ ರಕ್ತ ಹೀರೋ ಪಿಶಾಚಿ ಅಜ್ಜಿ. ಹುಟ್ಟಿದ್ದು 1901ರಲ್ಲಿ. 1918ರ ಇನ್‌ಫ್ಲುಯೆಂಜಾದಲ್ಲಿ ಸಾಯ್ತಿದ್ದವನನ್ನ ಡಾಕ್ಟರೇ ಕಚ್ಚಿ ಉಳಿಸಿದ್ರು. ಅವತ್ತಿಂದ ವಯಸ್ಸು ಹದಿನೇಳಕ್ಕೇ ನಿಂತಿದೆ.”

“ಡಾಕ್ಟರೇ ಕಚ್ಚಿದ್ರಾ! ಈಗೇನ್ ಮಾಡ್ಕೊಂಡಿದ್ದಾನೆ?”

“ಹೈಸ್ಕೂಲು.”

“ನೂರು ದಾಟಿದ್ರೂ ಪಾಸಾಗಿಲ್ವೇ?”

“ಪಾಸಾಗ್ತಾನೆ. ಊರು ಬದಲಾಯಿಸಿ ಮತ್ತೆ ಸೇರ್ಕೋತಾನೆ.”

“ಹುಡುಗಿ?”

“ಎಡವ್ತಾಳೆ. ಅವನ ಚಂದ ವರ್ಣಿಸ್ತಾಳೆ. ಮತ್ತೆ ಎಡವ್ತಾಳೆ. ಬಿಸಿಲಿಗೆ ಬಂದ್ರೆ ಅವನ ಮೈ ವಜ್ರದ ಥರ ಮಿನುಗುತ್ತಂತೆ.”

“ಪಿಶಾಚಿನೋ, ಜರಿ ಸೀರೆನೋ?”

“ರಾತ್ರಿ ಅವಳಿಗೆ ಗೊತ್ತಿಲ್ದೆ ಕೋಣೆಗೆ ನುಗ್ಗಿ, ಅವಳು ಮಲಗಿರೋದನ್ನ ನೋಡ್ತಾ ಕೂತಿರ್ತಾನೆ.”

“ಅಯ್ಯೋ! ಅವಳಪ್ಪ ಪೊಲೀಸಿಗೆ ಹೇಳ್ಲಿಲ್ವಾ?”

“ಅಪ್ಪನೇ ಆ ಊರಿನ ಪೊಲೀಸ್ ಮುಖ್ಯಸ್ಥ.”

ಅಜ್ಜಿ ಹಣೆ ಚಚ್ಚಿಕೊಂಡರು. (ನಾನೂ ಇದನ್ನು ಒಂದು ಕಾಲದಲ್ಲಿ ಓದಿ ನಿಟ್ಟುಸಿರಿಟ್ಟವಳೇ. ಬಾಯಿ ಬಿಡಲಿಲ್ಲ.)

“ಎರಡನೇ ಭಾಗದಲ್ಲಿ ಅವನು ಬಿಟ್ಟು ಹೋಗ್ತಾನೆ. ಆ ದುಃಖಕ್ಕೆ ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ ಅಂತ ತಿಂಗಳ ಹೆಸರಷ್ಟೇ ಹಾಕಿದ್ದಾರೆ. ಉಳಿದದ್ದೆಲ್ಲ ಖಾಲಿ ಪುಟ.”

ಅಜ್ಜಿಯ ಮುಖ ಅರಳಿತು.

“ಅದನ್ನ ಎಸೀಬೇಡ್ವೇ, ಇಲ್ಲಿ ಕೊಡು. ಹಾಲಿನ ಲೆಕ್ಕ ಬರೆಯೋಕಾಗುತ್ತೆ.”