ಬ್ಯಾಟರಿ ನಿರ್ದೋಷಿತ್ವ ಮೀಮಾಂಸೆ

ಮೋಟಾರ್ ಸೈಕಲ್ಲಿನ ಚಾರ್ಜಿಂಗ್ ವ್ಯವಸ್ಥೆಗೆ ಅಂಗಗಳು ಮೂರು: ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲು, ಅದನ್ನು ತಿದ್ದಿ ಹದ್ದಿನಲ್ಲಿಡುವ ಆರ್.ಆರ್. (ರೆಗ್ಯುಲೇಟರ್-ರೆಕ್ಟಿಫೈಯರ್) ಯೂನಿಟ್, ಕೂಡಿಟ್ಟುಕೊಳ್ಳುವ ಬ್ಯಾಟರಿ. ಮೊದಲನೆಯದು ಎಂಜಿನ್ನಿನ ಹೊಟ್ಟೆಯೊಳಗಿದೆ, ಎರಡನೆಯದು ಎಲ್ಲಿದೆಯೆಂದು ಬಹುಪಾಲು ಮಾಲೀಕರಿಗೆ ಗೊತ್ತಿಲ್ಲ, ಮೂರನೆಯದು ಸೀಟು ಎತ್ತಿದರೆ ಕಣ್ಣಿಗೆ ಬೀಳುತ್ತದೆ. ಈ ಶಾಸ್ತ್ರದ ಸಕಲ ಗೊಂದಲಕ್ಕೂ ಮೂಲ ಆ ಕಣ್ಣಿಗೆ ಬೀಳುವಿಕೆಯೇ.

ಆಯಸ್ಕಾಂತ ತಿರುಗಿದರೆ ತಂತಿಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ಫ್ಯಾರಡೆ 1831ರಲ್ಲೇ ತೋರಿಸಿದ್ದ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಅಲ್ಲಿ ತಿರುಗಿಸಿದ್ದು ಕಾವೇರಿ, ಇಲ್ಲಿ ತಿರುಗಿಸುವುದು ಪೆಟ್ರೋಲು, ಭೇದ ಇಷ್ಟೇ. ಈ ಮೀಮಾಂಸೆಯ ಗಾಡಿಗಳು ಓಡಾಡುವ ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರ ಜಿಲ್ಲೆಯೊಳಗೇ ಇದ್ದುದರಿಂದ ಈ ಕೀರ್ತಿಯಲ್ಲಿ ಅದಕ್ಕೂ ಪಾಲುಂಟೆಂದು ವಾದಿಸಬಹುದು. ವಾದಿಸಿದ ಮಾತ್ರಕ್ಕೆ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ರೋಗಲಕ್ಷಣಗಳು ಸರ್ವವಿದಿತ. ಸೆಲ್ಫ್ ಒತ್ತಿದರೆ ಎಂಜಿನ್ನಿನ ಬದಲು ‘ಕಟಕಟ’ ಎಂಬ ರಿಲೇ ಮಾತ್ರ ಉತ್ತರ ಕೊಡುತ್ತದೆ. ಇಂಡಿಕೇಟರು ಸೋಮಾರಿಯಾಗುತ್ತದೆ. ಹಾರ್ನು ನೆಗಡಿಯಾದ ಮೇಕೆಯಂತಾಗುತ್ತದೆ. ಗೌರಿಬಿದನೂರಿನ ರೇಡಿಯೊ ದೂರದರ್ಶಕ ಸೂರ್ಯನ ರೇಡಿಯೊ ಅಲೆಗಳನ್ನು ಹಿಡಿದರೆ, ಹಾರ್ನಿನ ಸದ್ದು ಹಿಡಿದೇ ವೋಲ್ಟೇಜು ಹೇಳುವವರು ಪ್ರತಿ ಬಸ್ ಸ್ಟ್ಯಾಂಡಿನ ಬಳಿ ಸಿಗುತ್ತಾರೆ. ತರ್ಕಶಾಸ್ತ್ರದ ಶಬ್ದಪ್ರಮಾಣವನ್ನು ಇಷ್ಟು ನೇರವಾಗಿ ಅರ್ಥೈಸಿದವರು ಬೇರಿಲ್ಲ. ಆಕ್ಸಿಲರೇಟರು ಕೊಟ್ಟಾಗ ಹೆಡ್‌ಲೈಟು ಏರಿ ಬಿಟ್ಟಾಗ ಇಳಿಯುವುದನ್ನು ಮಾತ್ರ ದುಡುಕಿ ರೋಗವೆನ್ನಬಾರದು. ಹೆಡ್‌ಲೈಟು ನೇರ ಕಾಯಿಲಿಗೆ ಅಂಟಿಕೊಂಡಿರುವ ಹಳೆಯ ಗಾಡಿಗಳಲ್ಲಿ ಅದೇ ಆರೋಗ್ಯ.

ಇನ್ನು ಪೂರ್ವಪಕ್ಷ. ಅದು ಒಂದೇ ವಾಕ್ಯದ್ದು: “ಬ್ಯಾಟ್ರಿ ಹೋಗೈತಣ್ಣ.” ಹೊಸದನ್ನು ಹಾಕಿದೊಡನೆ ಗಾಡಿ ಗುಡುಗುತ್ತದೆ, ಹಾರ್ನು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಗದ್ದಲವನ್ನೂ ಮೀರುತ್ತದೆ, ಪೂರ್ವಪಕ್ಷ ಗೆದ್ದಂತೆಯೇ ಕಾಣುತ್ತದೆ. ಆದರೆ ಹೊಸ ಬ್ಯಾಟರಿ ಅಂಗಡಿಯಲ್ಲೇ ಹೊಟ್ಟೆ ತುಂಬಿಸಿಕೊಂಡು ಬಂದಿರುತ್ತದೆ. ತವರಿನಿಂದ ತಂದ ಬುತ್ತಿ ತೀರುವವರೆಗೆ ದುಡಿದು, ಕೆಲವೇ ದಿನಗಳಲ್ಲಿ ಅದೂ ಮಲಗುತ್ತದೆ. ಆಗ ವಾರಂಟಿ ಕಾರ್ಡು ಹೊರಬರುತ್ತದೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರು ಎನ್ನುವುದು ಇದನ್ನೇ. ಪಂಡಿತರು ಬೇಕಿದ್ದರೆ ಮಹಿಷಜ್ವರ-ವೃಷಭದಾಹ ನ್ಯಾಯವೆನ್ನಲಿ.

ಸಿದ್ಧಾಂತಕ್ಕೆ ಬೇಕಾದ ಪ್ರಮಾಣ ಮಲ್ಟಿಮೀಟರ್ ಒಂದೇ. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿಯ ಎರಡು ತುದಿಗೆ ಮುಟ್ಟಿಸಿದರೆ 12.6 ವೋಲ್ಟಿನ ಆಸುಪಾಸು ಇರಬೇಕು. 12ಕ್ಕಿಂತ ಕೆಳಗಿದ್ದರೆ ಅದು ಉಪವಾಸವಿದೆ. ಉಪವಾಸವಿರುವುದು ಅಪರಾಧವಲ್ಲ, ಊಟ ಹಾಕಬೇಕಾದವರು ಯಾರೆಂಬುದೇ ಪ್ರಶ್ನೆ. ಎಂಜಿನ್ ಎಬ್ಬಿಸಿ ಆಕ್ಸಿಲರೇಟರು ಏರಿಸಿದಾಗ ಅದೇ ಅಂಕಿ 13.5ರಿಂದ 14.5ಕ್ಕೆ ಹತ್ತಬೇಕು. ಹತ್ತದಿದ್ದರೆ ಊಟ ಬರುತ್ತಿಲ್ಲ. 15 ದಾಟಿದರೆ ಅತಿಭೋಜನ: ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಸುಡುತ್ತವೆ, ಆರ್.ಆರ್. ಯೂನಿಟ್ ಕಡಿವಾಣ ಕಳೆದುಕೊಂಡಿದೆ.

ಊಟ ಬಾರದಿದ್ದಲ್ಲಿ ಮೊದಲು ನೋಡಬೇಕಾದುದು ಅಡುಗೆಮನೆಯನ್ನಲ್ಲ, ಬಾಗಿಲನ್ನು. ಫ್ಯೂಸು, ಅರ್ತಿಂಗ್ ತಂತಿಯ ಬೋಲ್ಟು, ಕಾಯಿಲಿನಿಂದ ಬರುವ ತಂತಿಗಳ ಸಾಕೆಟ್ಟು. ಕಂದುಗಟ್ಟಿ ಕರಗಿದ ಒಂದು ಸಾಕೆಟ್ಟಿಗಾಗಿ ಎರಡು ಬ್ಯಾಟರಿ ಬದಲಾದ ಗಾಡಿಗಳುಂಟು. ಅದು ಸರಿಯಿದ್ದರೆ ಬಿಚ್ಚಿ, ಮೂರು ಫೇಸಿನ ಗಾಡಿಯಾದರೆ ಮೂರು ತಂತಿಗಳನ್ನು (ಸಾಮಾನ್ಯವಾಗಿ ಹಳದಿ) ಎರಡೆರಡಾಗಿ ಅಳೆಯಬೇಕು. ಮೂರು ಜೋಡಿಯಲ್ಲೂ ಓಮ್ ಒಂದೇ ಆಗಿರಬೇಕು. ಯಾವ ತಂತಿಗೂ ಎಂಜಿನ್ ಬಾಡಿಯೊಂದಿಗೆ ಸಂಬಂಧ ಇರಬಾರದು. ಇದ್ದರೆ ಕಾಯಿಲು ಸುಟ್ಟಿದೆ, ಬದಲಿಸಬೇಕು ಅಥವಾ ಮರುಸುತ್ತಿಸಬೇಕು. ಎಂಜಿನ್ ಓಡುತ್ತಿರುವಾಗ ಎ.ಸಿ. ವೋಲ್ಟೇಜು ಮೂರೂ ಕಡೆ ಸಮನಾಗಿ ಏರುತ್ತಿದ್ದು, ಬ್ಯಾಟರಿಗೆ ಮಾತ್ರ ಏನೂ ತಲುಪದಿದ್ದರೆ ಕಳ್ಳ ಸಿಕ್ಕಂತೆ: ಆರ್.ಆರ್. ಯೂನಿಟ್. ಹೆಚ್ಚಾದ ಕರೆಂಟನ್ನು ಶಾಖ ಮಾಡಿ ಕಳೆಯುವ ಬಗೆಯ ಯೂನಿಟ್ಟಿಗೆ ಗಾಳಿ ಬೇಕು. ಅದರ ಮೇಲೆ ಚೀಲ ಕಟ್ಟುವವರು ತಾವೇ ಅದನ್ನು ಬೇಯಿಸುತ್ತಾರೆ.

ನಂದಿಬೆಟ್ಟದ ಪ್ರಕರಣಕ್ಕೆ ಬೇರೆಯೇ ಅಧಿಕರಣ ಬೇಕು. 1478 ಮೀಟರ್ ಎತ್ತರದ ಈ ಬೆಟ್ಟಕ್ಕೆ ಭಾನುವಾರ ನಸುಕಿನಲ್ಲಿ ಬರುವ ಗಾಡಿಗಳು ಸಾಲಿನಲ್ಲಿ ಐಡ್ಲಿಂಗಿನಲ್ಲೇ ನಿಲ್ಲುತ್ತವೆ. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳ ಹೆಡ್‌ಲೈಟು ತಾನಾಗಿ ಉರಿಯುವುದರಿಂದ ಆಗ ಬರುವುದು ಕಡಿಮೆ, ಹೋಗುವುದು ಹೆಚ್ಚು. ಇಳಿಯುವಾಗ ಪೆಟ್ರೋಲು ಉಳಿಸಲು ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಜಾರುವವರಿದ್ದಾರೆ. ತಿರುವು ತಿರುವಿಗೂ ಬ್ರೇಕ್ ಲೈಟು, ಹಾರ್ನು, ಇಂಡಿಕೇಟರು, ಎಲ್ಲದರ ಖರ್ಚೂ ಬ್ಯಾಟರಿಯದೇ. ಬೆಟ್ಟದ ಬುಡದಲ್ಲಿ ಸೆಲ್ಫ್ ಕಟಕಟ ಎಂದಾಗ ವ್ಯವಸ್ಥೆ ನಿರೋಗಿಯಾಗಿಯೇ ಇರುತ್ತದೆ. ಚಿಕಿತ್ಸೆ ಬೇಕಾದುದು ಸವಾರನಿಗೆ. ಕಿಕ್ಕರ್ ಇದ್ದವನು ಹೇಗೋ ಪಾರಾಗುತ್ತಾನೆ. ಇಂಜೆಕ್ಷನ್ ಗಾಡಿಯವನ ಬ್ಯಾಟರಿ ಪೂರ್ತಿ ಸತ್ತಿದ್ದರೆ ಪೆಟ್ರೋಲ್ ಪಂಪೇ ಓಡುವುದಿಲ್ಲ, ನಾಲ್ಕು ಜನ ತಳ್ಳಿದರೂ ಲಾಭ ತಳ್ಳಿದವರ ವ್ಯಾಯಾಮಕ್ಕಷ್ಟೇ.

ಒಂದು ತೊಡಕು ಉಳಿಯುತ್ತದೆ. ಬಹುಕಾಲ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಉಣಿಸಿದರೂ ಅದು ಅರಗಿಸಿಕೊಳ್ಳಲಾರದು. ಹೀಗಾಗಿ ಸಾಕೆಟ್ಟು, ಕಾಯಿಲು, ಆರ್.ಆರ್. ಯೂನಿಟ್ ಎಲ್ಲವನ್ನೂ ವಿಚಾರಿಸಿ ಬ್ಯಾಟರಿ ನಿರ್ದೋಷಿಯೆಂದು ಸಾಧಿಸುವ ಹೊತ್ತಿಗೆ ಆ ನಿರ್ದೋಷಿ ಸತ್ತಿರುವುದೂ ಉಂಟು. ಹೊಸದನ್ನು ಕೊಳ್ಳಲೇಬೇಕು. ಅಂಗಡಿಯವನು ಅದನ್ನು ಕೂರಿಸುತ್ತ ಹೇಳುವುದು ಎಲ್ಲ ಊರಿನಲ್ಲೂ ಒಂದೇ: “ನಾನ್ ಅವತ್ತೇ ಹೇಳಿದ್ನಲ್ಲಣ್ಣ, ಬ್ಯಾಟ್ರಿ ಅಂತ.”