ಮಶಕಮೀಮಾಂಸೆ: ಜೊಲ್ಲುಪ್ರಕರಣ

ಶಾಸ್ತ್ರವೆಂದ ಮೇಲೆ ಅಧಿಕಾರಿ ಯಾರೆಂಬುದು ಮೊದಲು ನಿರ್ಣಯವಾಗಬೇಕು. ಈ ಶಾಸ್ತ್ರಕ್ಕೆ ಹೆಣ್ಣು ಸೊಳ್ಳೆಯೊಂದೇ ಅಧಿಕಾರಿ. ಮೊಟ್ಟೆ ಬಲಿಯಲು ಬೇಕಾದ ಪ್ರೋಟೀನಿಗಾಗಿ ಈಕೆ ರಕ್ತ ಹೀರುತ್ತಾಳೆ. ಗಂಡು ಮಕರಂದದಲ್ಲೇ ತೃಪ್ತ, ಪರಮ ಸಾತ್ವಿಕ. ಆದ್ದರಿಂದ ಗ್ರಂಥಕರ್ತರಿಗೆ ನಿರುಪಯೋಗಿ.

ಪೂರ್ವಪಕ್ಷ ರಕ್ತದ್ದು. ಚುಚ್ಚಿದರೆ ನಾಳ ಕುಗ್ಗಿಸುತ್ತೇನೆ, ಪ್ಲೇಟ್‌ಲೆಟ್‌ಗಳನ್ನು ಗುಂಪುಗೂಡಿಸುತ್ತೇನೆ, ಅಷ್ಟಕ್ಕೂ ಬಗ್ಗದಿದ್ದರೆ ಹೆಪ್ಪುಗಟ್ಟುತ್ತೇನೆ ಎಂದು ಅದರ ವಾದ. ಹೇತುಗಳೇನೋ ಪ್ರಬಲವೇ. ಆದರೆ ಪ್ರತಿವಾದಿಯ ಖಂಡನವೆಲ್ಲ ಜೊಲ್ಲಿನಲ್ಲೇ ಸಿದ್ಧವಾಗಿರುತ್ತದೆ. ಗಾಯಗೊಂಡ ಕೋಶದಿಂದ ಚೆಲ್ಲಿದ ಎಡಿಪಿ ಪ್ಲೇಟ್‌ಲೆಟ್‌ಗಳನ್ನು ಕೂಗಿ ಕರೆಯುವ ಹೊತ್ತಿಗೆ ಅಪೈರೇಸ್ ಎಂಬ ಕಿಣ್ವ ಆ ಎಡಿಪಿಯನ್ನೇ ಒಡೆದುಹಾಕುತ್ತದೆ. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯ ಸಯಲೋಕೈನಿನ್ ನಾಳವನ್ನು ಹಿಗ್ಗಿಸುತ್ತದೆ. ಡಿ7 ಪ್ರೋಟೀನುಗಳು ಸೆರೊಟೋನಿನ್, ಹಿಸ್ಟಮೀನ್‌ಗಳನ್ನು ಸಿಕ್ಕಿದಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ಅನಾಫಿಲಿಸ್ ಸೊಳ್ಳೆಯದು ನೇರ ಸಂಪ್ರದಾಯ: ಅನಾಫಿಲಿನ್ ಹಾಕಿ, ಹೆಪ್ಪುಗಟ್ಟಿಸುವ ಥ್ರಾಂಬಿನ್ನಿನ ಬಾಯಿಯನ್ನೇ ಮುಚ್ಚಿಸಿಬಿಡುತ್ತದೆ.

ತಿಗಣೆಯ ಶಾಖೆ ಬೇರೆ. ಹೀಮ್ ಹೊತ್ತ ನೈಟ್ರೊಫೋರಿನ್ ಎಂಬ ಪ್ರೋಟೀನಿನಲ್ಲಿ ಅದು ನೈಟ್ರಿಕ್ ಆಕ್ಸೈಡ್ ತಂದು ಗಾಯದೊಳಗೆ ಇಳಿಸುತ್ತದೆ, ನಾಳ ಸಡಿಲಗೊಳ್ಳುತ್ತದೆ. ಲ್ಯಾಟಿನ್ ಅಮೆರಿಕದ ರೋಡ್ನಿಯಸ್ ಕೀಟದ್ದೂ ಇದೇ ಉಪಾಯ. ಆದರೆ ಎರಡರ ಪ್ರೋಟೀನಿಗೂ ವಂಶಸಂಬಂಧವಿಲ್ಲ, ಒಂದೇ ಸಿದ್ಧಾಂತವನ್ನು ಇಬ್ಬರೂ ಸ್ವತಂತ್ರವಾಗಿ ಕಂಡುಕೊಂಡಿದ್ದಾರೆ. ಹಾಗಾಗಿ ಕೃತಿಚೌರ್ಯದ ಆರೋಪ ಇಲ್ಲಿ ನಿಲ್ಲದು. ವಿಶ್ವವಿದ್ಯಾಲಯಗಳು ಗಮನಿಸಬೇಕು.

ಹಾಗಾದರೆ ತುರಿಕೆ? ಅದು ವಾದ ಮುಗಿದು ಸಭೆ ಚದುರಿದ ಮೇಲೆ ಬರುವ ಆಕ್ಷೇಪ. ಜೊಲ್ಲಿನ ಪ್ರೋಟೀನುಗಳನ್ನು ಗುರುತು ಹಿಡಿದ ದೇಹ ಹಿಸ್ಟಮೀನ್ ಸುರಿಸುತ್ತದೆ. ದದ್ದು ಏಳುವಷ್ಟರಲ್ಲಿ ಪ್ರತಿವಾದಿ ಗೋಡೆ ಸೇರಿರುತ್ತಾಳೆ. ಕೀಟವಿಜ್ಞಾನಿ ಕೆನೆತ್ ಮೆಲಾನ್ಬಿ 1946ರಲ್ಲಿ ಇದರ ಸೋಪಾನಗಳನ್ನು ವಿವರಿಸಿದರು: ಮೊದಮೊದಲು ಕಚ್ಚಿಸಿಕೊಂಡವರಿಗೆ ಏನೂ ಆಗದು, ಕಚ್ಚಿಸಿಕೊಳ್ಳುತ್ತಲೇ ಹೋದವರಿಗೆ ಕೊನೆಕೊನೆಗೆ ಮತ್ತೆ ಏನೂ ಆಗದು. ಅಂದರೆ ಅಜ್ಞಾನಿಗೂ ತುರಿಕೆಯಿಲ್ಲ, ಪರಮಜ್ಞಾನಿಗೂ ಇಲ್ಲ. ಗೋಳೆಲ್ಲ ನಡುವಿನ ಸಾಧಕರದು.

ಸೊಳ್ಳೆಯನ್ನು ಸಹಿಸಿಕೊಳ್ಳಬೇಕೆಂಬ ಮತ ಬೆಂಗಳೂರಲ್ಲೇ ಪ್ರತಿಪಾದಿತವಾಗಿತ್ತು. 1883ರಲ್ಲಿ ಇಲ್ಲಿದ್ದ ಸೇನಾವೈದ್ಯ ರೊನಾಲ್ಡ್ ರಾಸ್, ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ನೀರು ಚೆಲ್ಲಿಸಿದರು, ಕಾಟ ಇಳಿಯಿತು. ಮೆಸ್ಸಿನ ತೊಟ್ಟಿಗಳನ್ನೂ ಬರಿದು ಮಾಡಿಸೋಣವೆಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಸೃಷ್ಟಿಕ್ರಮ ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ಹದಿನಾಲ್ಕು ವರ್ಷದ ಬಳಿಕ ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡವರೂ ಅದೇ ರಾಸ್. ಓದುಗರು ಯಾವ ಮತವನ್ನಾದರೂ ಹಿಡಿಯಲಿ, ಮನೆಯ ನೀರಿನ ಡ್ರಮ್ಮನ್ನು ಮಾತ್ರ ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಲಿ.